ಕಬ್ಬಿನಡಿಯಿಂದ ಬಂದ ತಡೆಯಾಜ್ಞೆ

ಮುನವಳ್ಳಿ ದಾಟಿದ ತಿರುವಿನಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ವಾಲಿ, ಕಬ್ಬಿನ ಹೊರೆ ನಮ್ಮ ಸ್ಕೂಟರಿನ ಮೇಲೆ ಜಾರಿತು. ನನ್ನ ಹಿಂದೆ ಕೂತಿದ್ದವರು ನಮ್ಮೂರ ನರ್ಸ್ ಸುಮಿತ್ರಕ್ಕ. ಅವಧಿಗೆ ಮೊದಲೇ ಆದ ವರ್ಗಾವಣೆಗೆ ಅವರು ನ್ಯಾಯಮಂಡಳಿಯಿಂದ ತಡೆಯಾಜ್ಞೆ ತಂದಿದ್ದರು. ಹುದ್ದೆಯಿಂದ ಬಿಡುಗಡೆ ಮಾಡುವ ಆದೇಶ ಕೈಗೆ ಸಿಗುವ ಮೊದಲು ಈ ತಡೆಯಾಜ್ಞೆ ಸವದತ್ತಿಯ ತಾಲ್ಲೂಕು ಆರೋಗ್ಯ ಕಚೇರಿ ಮುಟ್ಟದಿದ್ದರೆ ಎಲ್ಲ ವ್ಯರ್ಥ. ಅದಕ್ಕೇ ಮೂರು ದಿನದಿಂದ ರಜೆ ಹಾಕಿ, ಕಚೇರಿಯವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು.

ಯಾರೋ ಕಬ್ಬು ಸರಿಸಿದರು. ನೋಡಿದರೆ ಅದೇ ಕಚೇರಿಯ ಗುಮಾಸ್ತ ಬಸಪ್ಪನವರು. ಬಿಡುಗಡೆ ಆದೇಶ ಕೊಡಲೆಂದೇ ನಮ್ಮೂರಿಗೆ ಹೊರಟಿದ್ದವರು. ಸುಮಿತ್ರಕ್ಕ ಬಿದ್ದಲ್ಲಿಂದಲೇ ತಡೆಯಾಜ್ಞೆಯ ಲಕೋಟೆ ಚಾಚಿದರು. "ಮೊದಲ ಇದನ್ನ ತಗೊಂಡು ಸಹಿ ಮಾಡ್ರಿ."

"ಅಕ್ಕಾರ, ಮೊದಲ ಕೈ ಕೊಡ್ರಿ. ಕಾಗದ ಎಲ್ಲಿಗಿ ಓಡಿ ಹೋಗತೈತಿ?"

ಇಬ್ಬರನ್ನೂ ಎಳೆದು ಕೂರಿಸಿ, ನೀರು ಕುಡಿಸಿದರು. ತಮ್ಮ ಚೀಲದಲ್ಲಿದ್ದ ಆದೇಶವನ್ನು ಹೊರಗೆ ತೆಗೆಯಲೇ ಇಲ್ಲ. ರಸ್ತೆಯಂಚಿನಲ್ಲೇ ತಡೆಯಾಜ್ಞೆಯ ಪ್ರತಿಯ ಮೇಲೆ ವೇಳೆ ಬರೆದು ಸಹಿ ಹಾಕಿ, "ನಾಳಿ ಡ್ಯೂಟಿಗಿ ಬರ್ರಿ" ಎಂದರು.

ತರಚು ಗಾಯಗಳು ಮಾಗಿವೆ. ಕಣ್ಣು ಮುಚ್ಚಿದರೆ ಟ್ರೇಲರ್ ಈಗಲೂ ವಾಲುತ್ತದೆ. ಆದರೆ ನಿನ್ನೆ ನಮ್ಮೂರ ಉಪಕೇಂದ್ರದಲ್ಲಿ ಸುಮಿತ್ರಕ್ಕನೇ ನನ್ನ ಮಗಳಿಗೆ ಲಸಿಕೆ ಹಾಕಿದರು. ಮಗಳು ಜೋರಾಗಿ ಅತ್ತಳು, ನಾವಿಬ್ಬರೂ ನಕ್ಕೆವು.