ಸ್ಕೂಟರ್ ಕೀಗೆ ಬದಲಾಗಿ ಎರಡು ಚಕ್ರ

ನಮ್ಮಪ್ಪ ಸ್ಕೂಟರಿನಿಂದ ಬಿದ್ದದ್ದು ಎಳನೀರಿನ ಗಾಡಿಗೆ ಗುದ್ದಿ. ಆ ಗಾಡಿ ಅಂದು ಬೆಳಿಗ್ಗೆಯಿಂದಲೂ ಹೊಂಗೆಮರದ ಕೆಳಗೆ ನಿಂತೇ ಇತ್ತು. ನಾವು ಬಸವೇಶ್ವರನಗರದ ಈ ಮನೆಗೆ ಬಂದಾಗಿನಿಂದಲೂ ಅದು ಅಲ್ಲೇ ನಿಂತಿದೆ. ಆದರೂ ಮನೆಗೆ ಬಂದು, ತರಚಿದ ಮಂಡಿಗೆ ಅರಿಸಿನ ಹಚ್ಚಿಸಿಕೊಳ್ಳುತ್ತಾ ಅಪ್ಪ ಹೇಳಿದ್ದು ಒಂದೇ ಮಾತು: "ಎಳನೀರಿನವನು ಅಡ್ಡ ಬಂದ್ಬಿಟ್ಟ ಕಣೇ."

"ಎಷ್ಟು ಸ್ಪೀಡಲ್ಲಿ ಬರ್ತಿದ್ದ?" ಎಂದು ಕೇಳಿದೆ ನಾನು.

ಅಪ್ಪ ಪೇಪರ್ ಎತ್ತಿಕೊಂಡ.

ಏಟು ದೊಡ್ಡದಾಗಿರಲಿಲ್ಲ. ಸ್ಕೂಟರಿನ ಕನ್ನಡಿ ಒಡೆದಿತ್ತು, ಒಂದಷ್ಟು ಎಳನೀರು ರಸ್ತೆಯ ಆಚೆಗೆ ಉರುಳಿದ್ದವು, ಅಷ್ಟೇ. ಆದರೆ ಕಣ್ಣಿನ ಡಾಕ್ಟರು ಅದಕ್ಕೂ ಮೊದಲೇ ಹೇಳಿದ್ದರು, ಎಡಗಣ್ಣಿಗೆ ಪಕ್ಕದ್ದು ಸರಿಯಾಗಿ ಕಾಣಿಸುತ್ತಿಲ್ಲ, ಇನ್ನು ಸ್ಕೂಟರ್ ಬೇಡ ಎಂದು. ಅಪ್ಪ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಬೆಳಿಗ್ಗೆ ಪಾರ್ಕು, ಅಲ್ಲಿಂದ ದರ್ಶಿನಿಯ ಮುಂದೆ ನಿಂತು ಗೆಳೆಯರ ಜೊತೆ ಹರಟೆ, ಬರುವಾಗ ಒಂದು ಕಟ್ಟು ಕೊತ್ತಂಬರಿ. ಇದು ಅವನ ರಾಜ್ಯಭಾರ. ಅಷ್ಟು ದೂರ ನಡೆಯಲು ಮಂಡಿ ಕೇಳುತ್ತಿರಲಿಲ್ಲ. ಆಟೋದಲ್ಲಿ ಹೋಗು ಎಂದರೆ, ಹರಟೆ ಹೊಡೆಯೋಕೆ ಆಟೋದಲ್ಲಿ ಹೋದರೆ ನಾಲ್ಕು ಜನ ನಗುತ್ತಾರೆ ಎನ್ನುತ್ತಿದ್ದ. ಆ ರಾಜ್ಯವನ್ನು ಕಿತ್ತುಕೊಂಡರೆ ಅಪ್ಪ ಮಂಕಾಗಿಬಿಡುತ್ತಾನೆ ಎಂದು ನನಗೂ ಗೊತ್ತಿತ್ತು.

ಅಮ್ಮನ ಕಷ್ಟ ಬೇರೆ. ಅಪ್ಪ ಸ್ಕೂಟರ್ ತೆಗೆದುಕೊಂಡು ಹೊರಟ ಕೂಡಲೇ ಅವಳು ಹೋಗಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ಡಿಕಾಕ್ಷನ್ ಇಳಿದಿರುತ್ತಿತ್ತು, ಹಾಲು ಕಾದಿರುತ್ತಿತ್ತು, ಮಾಡುವ ಕೆಲಸ ಏನೂ ಇರುತ್ತಿರಲಿಲ್ಲ. ಆದರೂ ಗೇಟಿನ ಹತ್ತಿರ ಆ ಸ್ಕೂಟರಿನ ಗಂಟಲು ಕಟ್ಟಿದ ಸದ್ದು ಕೇಳುವವರೆಗೆ ಅವಳು ಕೂರುತ್ತಿರಲಿಲ್ಲ. ತಾನು ಕೂತರೆ ಅಲ್ಲಿ ಏನೋ ಆಗಿಬಿಡುತ್ತದೆ ಎಂಬ ಹಾಗೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಮತ್ತು ಸಂಕಟವಾದಾಗಲೆಲ್ಲ ನನಗೆ ಬರುವುದು ಸಿಟ್ಟು. ಒಂದು ಭಾನುವಾರ ಸಿಟ್ಟು ನೆತ್ತಿಗೇರಿ, ಅಪ್ಪನ ಎದುರು ಕೈ ಚಾಚಿ ನಿಂತೆ.

"ಕೀ ಕೊಡು."

ಅಪ್ಪ ಬಹಳ ಯೋಚಿಸುವವನ ಹಾಗೆ ಮುಖ ಮಾಡಿದ. "ಕೊಡ್ತೀನಿ. ಆದ್ರೆ ನನ್ನ ಮಡಚೋ ಸೈಕಲ್ ಓಡೋ ಹಾಗೆ ಮಾಡ್ಕೊಡು. ಅದು ಓಡಿದ ದಿನ ಸ್ಕೂಟರ್ ಬಿಟ್ಟೆ."

"ಹೊಸ ಸೈಕಲ್ಲೇ ಕೊಡಿಸ್ತೀನಿ ಅಪ್ಪಾ."

"ಹೊಸದರ ಮೇಲೆ ಬಗ್ಗಿ ಕೂರ್ಬೇಕು, ಸೊಂಟ ಹೋಗುತ್ತೆ. ದೊಡ್ಡ ಸೈಕಲ್‌ಗೆ ಕಾಲು ಎತ್ತಿ ಹಾಕಕ್ಕಾಗಲ್ಲ. ಇದಾದ್ರೆ ಸೀಟ್ ಮೇಲೆ ಕೂತ್ರೂ ಎರಡು ಕಾಲು ನೆಲಕ್ಕೆ ಸಿಗುತ್ತೆ. ಅದಾದ್ರೆ ಅದು, ಇಲ್ದಿದ್ರೆ ಸ್ಕೂಟರ್ರೇ."

ನಾನು ಬಿಡುವವಳೇ? ಡಾಕ್ಟರನ್ನೇ ಹೋಗಿ ಕೇಳಿದೆ. ಬಡಾವಣೆಯ ಒಳರಸ್ತೆಗಳಲ್ಲಿ, ಕಾಲು ನೆಲಕ್ಕೆ ಸಿಗುವ ಸೈಕಲ್ಲಾದರೆ, ನಿಧಾನಕ್ಕೆ ಹೋಗಿಬರಲಿ ಎಂದರು ಅವರು. ಕರಾರು ಆಯಿತು.

ಆ ಸೈಕಲ್ಲಿನ ಕಥೆ ಹೇಳಬೇಕು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದಾಗ ನಾವು ರಾಜಾಜಿನಗರದಲ್ಲಿ ಮಹಡಿಯ ಮೇಲಿನ ಒಂದು ಪೋರ್ಷನ್‌ನಲ್ಲಿ ಬಾಡಿಗೆಗಿದ್ದೆವು. ಮನೆ ಓನರಮ್ಮ ಕಾಂಪೌಂಡಿನ ಒಳಗೆ ಬಾಡಿಗೆಯವರ ಸೈಕಲ್ ನಿಲ್ಲಿಸಲು ಬಿಡುತ್ತಿರಲಿಲ್ಲ. ಹೊರಗೆ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಕಳುವು. ಆಗ ಅಪ್ಪ ಎಲ್ಲಿಂದಲೋ ಈ ಮಡಚುವ ಸೈಕಲ್ಲನ್ನು ಸೆಕೆಂಡ್ ಹ್ಯಾಂಡ್ ತಂದ. ಪುಟ್ಟ ಚಕ್ರ, ನಡುವೆ ಒಂದು ಕೀಲು, ಹಸಿರು ಬಣ್ಣ. ಗೇಟಿನಲ್ಲಿ ಇಳಿದು, ಸೊಂಟದಲ್ಲಿ ಮಡಚಿ, ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಓನರಮ್ಮ ತಡೆದಾಗ, "ಇದು ಸೈಕಲ್ ಅಲ್ಲಮ್ಮ, ಲಗೇಜು" ಎಂದನಂತೆ. ಅದು ರಾತ್ರಿಯೆಲ್ಲ ಮಂಚದ ಕೆಳಗೆ ಮಲಗುತ್ತಿತ್ತು. ಅದರ ಹಿಂದಿನ ಕ್ಯಾರಿಯರ್ ಮೇಲೆ ಕೂತು ನಾನು ಶಾಲೆಗೆ ಹೋಗಿದ್ದೇನೆ.

ಮುಂದೆ ಸ್ವಂತ ಮನೆಯಾಯಿತು, ಸ್ಕೂಟರ್ ಬಂತು, ಸೈಕಲ್ ಮೆಟ್ಟಿಲ ಕೆಳಗಿನ ಗೂಡು ಸೇರಿತು. ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ, ಅದು ಹೊರಗೆ ಬರುತ್ತಿತ್ತು. ಅಪ್ಪ ಪೈಪ್ ಹಿಡಿದು ಮೇಲಿಂದ ಕೆಳಗೆ ನೀರು ಹೊಡೆಯುತ್ತಿದ್ದ. ಅಮ್ಮ ಕುಂಕುಮ ಇಟ್ಟು, ಹೂ ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಪೂಜೆಯಾದ ಮೇಲೆ ಹಾಗೇ, ಒದ್ದೆ ಹಾರದ ಸಮೇತ, ಮತ್ತೆ ಗೂಡಿಗೆ. ಈಗ ಹೊರಗೆ ತೆಗೆದು ನೋಡಿದರೆ ಬಣ್ಣ ಬಳಿದಿದ್ದ ಮೈಯೆಲ್ಲ ಗಟ್ಟಿಯಾಗಿಯೇ ಇತ್ತು. ಎರಡು ಚಕ್ರದ ರಿಮ್ಮು ಮಾತ್ರ ತುಕ್ಕು ಹಿಡಿದು ಜರಡಿಯಾಗಿತ್ತು. ಬೇರೆಯವರ ಸೈಕಲ್ ಓಡಿಸಿ ಹಾಳಾಗುತ್ತದೆ. ನಮ್ಮದನ್ನು ನಾವು ಪೂಜೆ ಮಾಡಿಯೇ ಹಾಳು ಮಾಡಿದ್ದೆವು.

ರಾಜಾಜಿನಗರದ ಸೈಕಲ್ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಸೈಜು? ಇಪ್ಪತ್ತು ಎಂದೆ, ಹಳೆಯ ಟೈರಿನ ಮೇಲೆ ಹಾಗೇ ಬರೆದಿತ್ತು. ಮಕ್ಕಳ ಸೈಕಲ್ಲಿನ ಎರಡು ಹೊಸ ಚಕ್ರ ಕೊಟ್ಟರು. ಮನೆಗೆ ತಂದು ಜೋಡಿಸಿದರೆ ಬ್ರೇಕಿನ ರಬ್ಬರು ರಿಮ್ಮಿಗೆ ತಾಗದೆ ಬರೀ ಗಾಳಿಯನ್ನು ಹಿಡಿಯುತ್ತಿತ್ತು. ವಾಪಸ್ ಹೊತ್ತುಕೊಂಡು ಹೋದೆ.

"ಮೇಡಂ, ಇಪ್ಪತ್ತರಲ್ಲೇ ಎರಡು ಥರ ಇದೆ," ಎಂದರು ಅಂಗಡಿಯವರು, ಈಗ ಹೊಳೆದವರ ಹಾಗೆ. "ನಿಮ್ಮದು ಹಳೇ ಇಪ್ಪತ್ತು. ಸ್ವಲ್ಪ ದೊಡ್ಡದು, ಸಣಕಲು. ಅದೀಗ ಬರಲ್ಲ."

ಬ್ರೇಕಿಲ್ಲದ ಸೈಕಲ್ ಹತ್ತಿಸಿ ಸ್ಕೂಟರ್ ಬಿಡಿಸಿದರೆ ನನ್ನಂಥ ಜಾಣೆ ಇನ್ನೊಬ್ಬಳಿಲ್ಲ. ಮುಂದಿನ ವಾರ ಕೆಂಗೇರಿಯ ಹಳೆಯ ಸೈಕಲ್ ಅಂಗಡಿಗೆ ಹೋದೆ. ಅವರು ನಾಯಂಡಹಳ್ಳಿಯ ಗುಜರಿ ಗೋಡೌನ್‌ಗೆ ಹೋಗಿ ನೋಡಿ ಎಂದರು. ಈ ಸಲ ಮೋಸ ಹೋಗಬಾರದೆಂದು ತುಕ್ಕು ಹಿಡಿದ ಚಕ್ರವನ್ನೇ ಅಳತೆಗೆ ಎತ್ತಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಲು ಹೊರಟೆ. ಬ್ಯಾಗು ತಪಾಸಣೆಯ ಮೆಷಿನ್ನಿಗೆ ಚಕ್ರ ಹೋಯಿತು. ಪರದೆಯ ಮುಂದಿದ್ದ ಹುಡುಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನ ರೇಷ್ಮೆ ಅಂಚಿನ ಸೀರೆ ನೋಡಿದಳು.

"ಏನ್ ಮೇಡಂ ಇದು?"

"ಚಕ್ರ ಕಣಮ್ಮ. ಅಳತೆಗೆ."

ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಕಾಲೇಜು ಹುಡುಗ ಬಹಳ ಹೊತ್ತು ತಡೆದುಕೊಂಡು, ಕೊನೆಗೆ, "ಆಂಟಿ, ಮಿಕ್ಕಿದ್ದು ಹಿಂದಿನ ಬೋಗಿಯಲ್ಲಿದ್ಯಾ?" ಎಂದು ಕೇಳಿಯೇ ಬಿಟ್ಟ. ಸಿಟ್ಟು ಬರಬೇಕಿತ್ತು, ನಗು ಬಂತು. ಗೋಡೌನಿನಲ್ಲಿ ಬೆಟ್ಟದಷ್ಟು ಚಕ್ರವಿತ್ತು. ವೀಲ್‌ಚೇರಿನದು, ತಳ್ಳುಗಾಡಿಯದು, ಮಗುವಿನ ವಾಕರಿನದೂ ಇತ್ತು. ಹಳೇ ಇಪ್ಪತ್ತು ಮಾತ್ರ ಇರಲಿಲ್ಲ. ಸೀರೆಗೆ ತುಕ್ಕಿನ ಕಲೆ ಮಾಡಿಕೊಂಡು ಮನೆಗೆ ಬಂದೆ. ಇನ್ನು ಚಕ್ರ ಹೊತ್ತು ತಿರುಗುವುದು ಸಾಕೆಂದು ರಿಮ್ಮಿನ ಈ ಅಂಚಿನಿಂದ ಎದುರಿನ ಅಂಚಿಗೆ ಒಂದು ಸೆಣಬಿನ ದಾರ ಹಿಡಿದು, ಎರಡು ತುದಿಗೂ ಗಂಟು ಹಾಕಿ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

"ಸಿಕ್ತಾಮ್ಮ?" ಎಂದು ಅಪ್ಪ ಕೇಳಿದ ಅಂದು ಸಂಜೆ. ಇಲ್ಲ ಎಂದೆ. ಅಯ್ಯೋ ಪಾಪ ಎಂದು ತಲೆಯಾಡಿಸಿ ಒಳಗೆ ಹೋದವನು, ನಾಲ್ಕನೆಯ ದೋಸೆ ಹಾಕಿಸಿಕೊಂಡು ಗುನುಗುತ್ತಾ ತಿನ್ನುತ್ತಿದ್ದ. ಆಗ ನನಗೆ ಅರ್ಥವಾಯಿತು.

"ಅಪ್ಪಾ, ಸಿಗಲ್ಲ ಅಂತ ಗೊತ್ತಿದ್ದೇ ತಾನೇ ನೀನು ಒಪ್ಕೊಂಡಿದ್ದು?"

"ನಾನು ಮಾತು ಕೊಟ್ಟಿದೀನಿ, ತಪ್ಪಲ್ಲ," ಎಂದ ಗಂಭೀರವಾಗಿ. "ಚಕ್ರ ತರೋದು ನಿನ್ನ ಕೆಲಸ."

ಅಮ್ಮ ದೋಸೆಕಲ್ಲಿನ ಮುಂದೆ ನಿಂತೇ ಇದ್ದಳು. ಅಪ್ಪನ ಮೇಲೆ ನನಗೆ ಅಂದು ಬಂದ ಕೋಪ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಬೀದಿಯ ಎಲ್ಲ ಮನೆಗಳೂ ವಾಹನಗಳನ್ನು ತೊಳೆದು ಗೇಟಿನ ಮುಂದೆ ಸಾಲಾಗಿ ನಿಲ್ಲಿಸುತ್ತವೆ. ನಮ್ಮ ಸಾಲಿನಲ್ಲಿ ನನ್ನ ಗಾಡಿ, ಅಪ್ಪನ ಸ್ಕೂಟರ್, ಗೋಡೆಗೆ ಒರಗಿದ ಆ ಸೈಕಲ್. ಒಳಗೆ ದೇವರ ಮುಂದಿನ ತಟ್ಟೆಯಲ್ಲಿ ನನ್ನ ಗಾಡಿಯ ಕೀ, ಅಪ್ಪನ ಸ್ಪ್ಯಾನರು, ಅಮ್ಮನ ಕತ್ತರಿ. ಪೂಜೆಗೆ ಇಟ್ಟದ್ದನ್ನು ನಮ್ಮ ಮನೆಯಲ್ಲಿ ಮಾರನೆಯ ಬೆಳಿಗ್ಗೆಯವರೆಗೆ ಎತ್ತುವುದಿಲ್ಲ. ಸ್ಕೂಟರಿನ ಕೀಯನ್ನು ಮಾತ್ರ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದ ನಂತರ ತಟ್ಟೆಗೆ ಸೇರಿಸುವುದು ವಾಡಿಕೆ. ಮಂಗಳಾರತಿಯಾಯಿತು, ಬೂದುಗುಂಬಳ ಒಡೆಯಿತು. ಅಪ್ಪ ಸ್ಕೂಟರ್ ಏರಿ, ಸ್ಟಾರ್ಟ್ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಮುಂದೆ ಬಂದ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗೇಟಿನ ಎಡಗಡೆ ಕಟ್ಟಿದ್ದ ಬಾಳೆಕಂದಿಗೆ ಹೋಗಿ ತಾಗಿದ. ಬಾಳೆಕಂದು ಮುರಿದು ಬಿತ್ತು. ಅದರ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಬಾಳೆಕಂದು ಅಡ್ಡ..." ಎಂದು ಶುರು ಮಾಡಿದ ಅಪ್ಪ, ಅಮ್ಮನ ಮುಖ ನೋಡಿ, ಮುಂದಕ್ಕೆ ಹೇಳಲಿಲ್ಲ. ಇಂಜಿನ್ ಆಫ್ ಮಾಡಿ ಕೀಯನ್ನು ತಟ್ಟೆಗೆ ಹಾಕಿ ಬಂದು ಜಗಲಿಯಲ್ಲಿ ಕೂತ.

ಅಲ್ಲಿ ನಿಲ್ಲಲಾಗದೆ, ಪುರಿ ಬೂಂದಿಯ ಪೊಟ್ಟಣ ಹಿಡಿದು ಎದುರುಮನೆಗೆ ಹೋದೆ. ಎದುರುಮನೆ ಆಂಟಿ ಹಾವೇರಿ ಕಡೆಯವರು. ಅವರ ಗೇಟಿನ ಮುಂದೆ ಕಾರಿನ ಪಕ್ಕ ಒಂದು ಗುಲಾಬಿ ಬಣ್ಣದ ಹಳೆಯ ಹುಡುಗಿಯರ ಸೈಕಲ್ ನಿಂತಿತ್ತು. ಪ್ರತಿ ವರ್ಷವೂ ಅದು ಅಲ್ಲಿ ನಿಲ್ಲುತ್ತದೆ, ನಾನು ಪ್ರತಿ ವರ್ಷವೂ ನೋಡಿದ್ದೇನೆ. ಆದರೆ ಚಕ್ರ ನೋಡುವ ಕಣ್ಣು ನನಗೆ ಬಂದದ್ದು ಈ ವರ್ಷ. ಸಣಕಲು ಚಕ್ರ. ಮಿರಿಮಿರಿ ಮಿಂಚುವ ರಿಮ್ಮು. ಓಡಿಹೋಗಿ ವ್ಯಾನಿಟಿ ಬ್ಯಾಗಿನ ದಾರ ತಂದು ಅಡ್ಡ ಹಿಡಿದೆ. ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು.

"ಏನವಾ, ಅಂಗಿ ಅಳತಿ ತಗೊಂಡಂಗ ಗಾಲಿ ಅಳತಿ ತಗೊಳ್ಳಾಕತ್ತೀ?" ಎಂದರು ಆಂಟಿ ಬಾಗಿಲಲ್ಲಿ ನಿಂತು.

ಎಲ್ಲವನ್ನೂ ಹೇಳಿದೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ಆಂಟಿ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟರು.

"ನನ್ನ ಮಗಳು ಶಾಲಿಗೆ ಹೋದ ಸೈಕಲ್ ಇದು. ಪ್ರತಿ ವರ್ಷ ಪೂಜಿ ಮಾಡ್ತೀನಿ. ಗಾಲಿ ಕೊಟ್ರ ಬರೂ ವರ್ಷ ಇದನ್ನ ಹೆಂಗ ನಿಲ್ಲಸ್ಲಿ? ಲಿಂಬಿಹಣ್ಣು ಯಾವುದರ ಕೆಳಗ ಇಡ್ಲಿ?"

ಇದಕ್ಕೆ ಉತ್ತರ ಕೊಟ್ಟವಳು ನನ್ನ ಹಿಂದೆಯೇ ಬಂದು ನಿಂತಿದ್ದ ಅಮ್ಮ.

"ನಮ್ಮ ಚಕ್ರ ಹಾಕ್ಕೊಳ್ಳಿ," ಎಂದಳು. "ಅದು ಓಡಲ್ಲ, ಆದ್ರೆ ನಿಲ್ಲುತ್ತೆ. ನಿಮ್ಮದು ಹೇಗೂ ನಿಲ್ಲೋದೇ ತಾನೇ?"

ಆಂಟಿ ಒಂದು ಕ್ಷಣ ಅಮ್ಮನನ್ನು ನೋಡಿ ಜೋರಾಗಿ ನಕ್ಕರು. "ಹೌದಲ್ರೀ! ನಿಂದ್ರಾಕ ತುಕ್ಕಿಂದಾದ್ರೇನು? ತಗೊಂಡ್ ಹೋಗ್ರಿ. ಆದ್ರ ನೀರು ಹೊಡೀಬ್ಯಾಡ್ರಿ ಮತ್ತ. ನಾ ಎಣ್ಣಿ ಬಟ್ಟೀಲೆ ಒರಸ್ತೀನಿ, ಅಷ್ಟ."

ಅಮ್ಮ ತಿರುಗಿ ಜಗಲಿಯಲ್ಲಿದ್ದ ಅಪ್ಪನನ್ನು ನೋಡಿದಳು. ಪೈಪಿನ ಅಷ್ಟೂ ವರ್ಷದ ನೀರಿನ ಲೆಕ್ಕ ಆ ನೋಟದಲ್ಲಿತ್ತು.

ಚಕ್ರ ಸಿಕ್ಕಿತು, ಬಿಚ್ಚುವ ಹಾಗಿರಲಿಲ್ಲ. ಸ್ಪ್ಯಾನರು ಹೂವಿನ ಕೆಳಗಿತ್ತು. ಬೇರೆಯವರಿಂದ ತರೋಣವೆಂದರೆ ಬೀದಿಯ ಸ್ಪ್ಯಾನರುಗಳೆಲ್ಲ ಅಂದು ಕುಂಕುಮ ಹಚ್ಚಿಕೊಂಡು ಕೂತಿದ್ದವು. ಅಪ್ಪ ಇಡೀ ಸಂಜೆ ಗುನುಗಲಿಲ್ಲ, ಟೀವಿ ಹಾಕಲಿಲ್ಲ. ಕರಾರು ಮಾಡಿ ಸಿಕ್ಕಿಬಿದ್ದನೆಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮಾತಿಗೆ ತಪ್ಪಿ ಬೆಳಿಗ್ಗೆ ಇನ್ನೊಂದು ಹೊಸ ನೆಪ ಹೇಳಿದರೆ ಏನು ಮಾಡಲಿ ಎಂಬ ಹೆದರಿಕೆಯೇ ಇತ್ತು.

ವಿಜಯದಶಮಿಯ ಬೆಳಿಗ್ಗೆ ಅಮ್ಮ ದೀಪ ಹಚ್ಚಿ ತಟ್ಟೆಯನ್ನು ಮುಂದಿಟ್ಟಳು. ನಮ್ಮಲ್ಲಿ ಮೊದಲು ಹಿರಿಯರು ತಮ್ಮದನ್ನು ಎತ್ತಿಕೊಳ್ಳಬೇಕು. ಬಾಡಿದ ಸೇವಂತಿಗೆಯ ನಡುವೆ ಸ್ಕೂಟರಿನ ಕೀ, ಅದರ ಪಕ್ಕದಲ್ಲೇ ಸ್ಪ್ಯಾನರು. ಅಪ್ಪ ಕೈ ಮುಗಿದ. ಕೈ ಚಾಚಿ ಸ್ಪ್ಯಾನರು ಎತ್ತಿಕೊಂಡು, ಪಂಚೆ ಮೇಲೆ ಕಟ್ಟಿ, ಎದುರುಮನೆಯ ಕಡೆ ಹೊರಟ.

"ರೀ, ಕೀ?" ಎಂದಳು ಅಮ್ಮ.

"ಅದನ್ನ ನೀನೇ ಎತ್ತಿಡು," ಎಂದ ಅಪ್ಪ, ತಿರುಗಿ ನೋಡದೆ.

ಎಣ್ಣೆ ಹಾಕಿ, ತಿರುಪು ಬಿಚ್ಚಿ, ಅಲ್ಲಿಯದು ಇಲ್ಲಿಗೆ ಇಲ್ಲಿಯದು ಅಲ್ಲಿಗೆ ಹಾಕುವಷ್ಟರಲ್ಲಿ ಬಿಸಿಲೇರಿತು. ಟೈರಿನಲ್ಲಿ ಸಣ್ಣ ಬಿರುಕುಗಳಿದ್ದವು, ಆದರೆ ಗಾಳಿ ನಿಂತಿತು. ಬ್ರೇಕು ಹಿಡಿಯಿತು. ಆಂಟಿಯ ಗುಲಾಬಿ ಸೈಕಲ್ ನಮ್ಮ ತುಕ್ಕಿನ ಚಕ್ರಗಳ ಮೇಲೆ ಠೀವಿಯಿಂದ ನಿಂತಿತು. ಅಪ್ಪ ಹಸಿರು ಸೈಕಲ್ ಹತ್ತಿ, ಮೊದಲು ಎರಡು ಕಾಲಲ್ಲೂ ನೆಲ ಒದೆಯುತ್ತಾ, ಆಮೇಲೆ ಪೆಡಲ್ ತುಳಿಯುತ್ತಾ, ಎಳನೀರಿನ ಗಾಡಿಯನ್ನು ಬಹಳ ದೂರದಿಂದ ಬಳಸಿಕೊಂಡು, ಪಾರ್ಕಿನ ತಿರುವಿನಲ್ಲಿ ಮರೆಯಾದ.

ಹರಟೆ ಮುಗಿಸಿ ಅವನು ಬಂದದ್ದು ನಮಗೆ ತಿಳಿಯಲೇ ಇಲ್ಲ. ಸೈಕಲ್ಲಿಗೆ ಸದ್ದೆಲ್ಲಿ? ಕೊತ್ತಂಬರಿ ಕಟ್ಟು ಹಿಡಿದು ನೇರ ಅಡುಗೆಮನೆಗೆ ಹೋಗಿ ನೋಡಿದ. ಒಲೆ ಹಚ್ಚಿರಲಿಲ್ಲ.

"ಕಾಫಿ ಎಲ್ಲೇ?" ಎಂದು ಕೂಗಿದ.

ಅಮ್ಮ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಪೇಪರ್ ಓದುತ್ತಿದ್ದಳು.