ಮೀಟರ್ ಮೇಷ್ಟ್ರ ‘ಇಲ್ಲ’

ಮೇಷ್ಟ್ರು ಎಂದರೂ ಅವರು ಯಾರಿಗೂ ಯಾವತ್ತೂ ಪಾಠ ಹೇಳಿದವರಲ್ಲ. ಕೆಟ್ಟ ರೇಡಿಯೋ, ಟೇಪ್ ರೆಕಾರ್ಡರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಹೊಟ್ಟೆ ಬಿಚ್ಚಿ ಮುಚ್ಚುವುದರಲ್ಲೇ ಮೂವತ್ತೊಂದು ವರ್ಷ ಕಳೆದವರು. ಕೆಲಸದ ಹೊತ್ತಿನಲ್ಲಿ ಎಡಗೈ ಬಿಟ್ಟು ಕದಲದ ಹಳದಿ ಮಲ್ಟಿಮೀಟರಿನ ದೆಸೆಯಿಂದ ‘ಮೀಟರ್’ ಬಂತು. ಪಾಸೋ ಫೇಲೋ ಎಂದು ಫಲಿತಾಂಶ ಓದುವ ಗತ್ತಿನಿಂದಾಗಿ ‘ಮೇಷ್ಟ್ರು’ ತಾನಾಗಿಯೇ ಬಂದು ಅದರ ಬಾಲ ಹಿಡಿಯಿತು.

ಅವರ ಅಂಗಡಿಯಲ್ಲಿ ನಡೆಯುತ್ತಿದ್ದುದು ಎರಡೇ ಮಾತು. ಮೀಟರಿನ ಕೆಂಪು ಕಡ್ಡಿ ಇಲ್ಲಿ, ಕಪ್ಪು ಕಡ್ಡಿ ಅಲ್ಲಿ ಮುಟ್ಟಿಸುವುದು. ಒಳಗೆ ಕರೆಂಟಿನ ದಾರಿ ಕೂಡಿದ್ದು ಅದು ‘ಕೀ’ ಎಂದರೆ ‘ಇದೆ’, ತೆಪ್ಪಗಿದ್ದರೆ ‘ಇಲ್ಲ’. “ಸ್ವಲ್ಪ ನೋಡಿ ಮೇಷ್ಟ್ರೇ, ಬದುಕಿಕೊಳ್ಳಬಹುದೇನೋ” ಎಂದು ಯಾರಾದರೂ ಗೋಗರೆದರೆ, “‘ಬಹುದು’ ಅನ್ನೋದು ಹವಾಮಾನದವರ ಹತ್ರ ಸಿಗುತ್ತೆ, ನಮ್ಮಲ್ಲಿ ಸ್ಟಾಕ್ ಇಲ್ಲ” ಎನ್ನುತ್ತಿದ್ದರು.

ಇಂಥ ಮೊಂಡು ಮಾತಿಗೆ ಬೀದಿಯಲ್ಲಿ ಬೆಲೆ ಇತ್ತು. ಹಳೆಯ ಫ್ರಿಜ್ಜು ಕೊಳ್ಳುವವರು ಅದನ್ನು ಕೈಗಾಡಿಯಲ್ಲಿ ಹೇರಿಕೊಂಡು ಮೊದಲು ಇವರ ಬಾಗಿಲಿಗೆ ಬರುತ್ತಿದ್ದರು. ಫ್ಯಾನು ಸುಟ್ಟದ್ದು ಯಾರ ತಪ್ಪಿನಿಂದ ಎಂದು ಮನೆಯೊಡೆಯರೂ ಬಾಡಿಗೆದಾರರೂ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಫ್ಯಾನನ್ನು ಇವರ ಮೇಜಿನ ಮೇಲಿಟ್ಟು ಇಬ್ಬರೂ ಕೈಕಟ್ಟಿ ನಿಂತದ್ದೂ ಉಂಟು. ಮೇಷ್ಟ್ರಿಗೆ ಅಂಗಡಿ ಸ್ವಂತದ್ದಲ್ಲ, ತಲೆಯಲ್ಲಿ ಕೂದಲಿಲ್ಲ, ಮಂಡಿಯಲ್ಲಿ ಎಣ್ಣೆಯಿಲ್ಲ. ಇದ್ದದ್ದು ಈ ಮಾತೊಂದೇ. ಅದನ್ನು ಅವರು ಜಿಪುಣ ಸಕ್ಕರೆ ಬಳಸಿದ ಹಾಗೆ ಬಳಸುತ್ತಿದ್ದರು.

ಹೆಂಡತಿಗೆ ಮಾತ್ರ ಇದು ಒಗ್ಗಿರಲಿಲ್ಲ. “ಅಡುಗೆಗೆ ಉಪ್ಪು ಹೇಗಿದೆ ಅಂತ ಕೇಳಿದ್ರೂ ಇದೆ, ಇಲ್ಲ. ಇಪ್ಪತ್ತಾರು ವರ್ಷದಲ್ಲಿ ‘ಚೆನ್ನಾಗಿದೆ’ ಅನ್ನೋ ಪದ ಇವರ ಬಾಯಿಂದ ಬಂದಿದ್ರೆ ಕೇಳಿ” ಎಂದು ಬಂದವರೆದುರು ದೂರುತ್ತಿದ್ದಳು. ಆಕೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಪುಸ್ತಕಗಳ ಬೆನ್ನಿಗೆ ಚೀಟಿ ಬರೆದು ಅಂಟಿಸುವುದು ಅವಳ ಪಾಲಿನದು. ಮುತ್ತು ಪೋಣಿಸಿದಂಥ ಅಕ್ಷರ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಅವಳ ತಮ್ಮ ಬಂದ. ಪೇಟೆಯಲ್ಲಿ ಅವನದು ಹಾಡಿನ ಸಾಮಾನುಗಳ ಅಂಗಡಿ. ಕೈ ತೊಳೆಯುವ ಮೊದಲೇ ಜೇಬಿನಿಂದ ಬೆಂಕಿಪೊಟ್ಟಣದಷ್ಟಿದ್ದ, ಕಡುನೀಲಿ ಬಣ್ಣದ, ಹಾಡು ಕೇಳುವ ಪ್ಲೇಯರ್ ಒಂದನ್ನು ತೆಗೆದು ಭಾವನ ತಟ್ಟೆಯ ಪಕ್ಕ ಇಟ್ಟ.

“ಭಾವ, ಹೊಸ ಮಾಲು. ಇದರೊಳಗೆ ಏನೋ ಬಚ್ಚಿಟ್ಟಿದ್ದಾರೆ ಅಂತ ಊರೆಲ್ಲಾ ಗುಸುಗುಸು. ಇಲ್ಲೊಂದು ಸೂಜಿಮೊನೆಯಷ್ಟು ತೂತಿದೆ ನೋಡಿ, ಯಾಕೆ ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿಲ್ಲ. ಪರದೆಯಲ್ಲಿ ಕೊನೇ ಸಾಲು ಖಾಲಿ ಬಿಟ್ಟಿದ್ದಾರೆ. ಕೇಳಿದವರೆಲ್ಲ ‘ಏನಿದೆ ಅಂತ ಹೇಳಿ, ಆಮೇಲೆ ಕೊಳ್ತೀವಿ’ ಅಂತಾರೆ. ಎರಡು ದೊಡ್ಡ ಡಬ್ಬ ಹಾಗೇ ಕೂತಿದೆ.”

“ಊಟ ಮಾಡೋ ಮೊದಲು,” ಎಂದಳು ಅಕ್ಕ.

ಮೇಷ್ಟ್ರು ಊಟ ಮರೆತಾಗಿತ್ತು. ಕನ್ನಡಕ ಬಿಗಿಯುವ ಸಣ್ಣ ಸ್ಕ್ರೂಡ್ರೈವರಿನಿಂದಲೇ ಪ್ಲೇಯರಿನ ಬೆನ್ನು ಬಿಚ್ಚಿದರು. ಒಳಗೆ ಕಂಡದ್ದನ್ನು ನೋಡಿ ಅವರ ಮುಖ ತೊಟ್ಟಿಲೊಳಗೆ ಇಣುಕಿದವರ ಮುಖದಂತಾಯಿತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಓರಣ. ನಡುವೆ ಕೂತ ಕಪ್ಪು ಚಿಪ್ಪಿನ ನಂಬರ್ ಓದಿದರು. ಆ ಜಾತಿಯ ಚಿಪ್ಪು ಹಾಡೂ ಹಾಡಬಲ್ಲದು, ಜೋಡಿಸಿದರೆ ರೇಡಿಯೋನೂ ಹಿಡಿಯಬಲ್ಲದು. ಜೋಡಿಸಿದ್ದಾರೋ ಇಲ್ಲವೋ ಹೇಳಬೇಕಾದ ಮೀಟರು ಅಂಗಡಿಯಲ್ಲಿ ಬೀಗದೊಳಗಿತ್ತು. ಭಾನುವಾರವಾದ್ದರಿಂದ ಅದಕ್ಕೂ ರಜೆ.

“ರೇಡಿಯೋ ಇದ್ದರೂ ಇರಬಹುದು ಕಣೋ” ಎಂದುಬಿಟ್ಟರು.

ಮೂವತ್ತೊಂದು ವರ್ಷದಲ್ಲಿ ಮೊದಲ ‘ಬಹುದು’. ಹೆಂಡತಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಭಾವಮೈದುನ ಮಾತ್ರ ಎರಡು ಸಲ ಬಡಿಸಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ಅಂಗಡಿಯ ಕದ ತೆಗೆದವರೇ ಮೇಷ್ಟ್ರು, ಭಾವಮೈದುನ ಬಿಟ್ಟುಹೋಗಿದ್ದ ಪ್ಲೇಯರಿಗೆ ಮೀಟರ್ ಮುಟ್ಟಿಸಿ ನೋಡಿದರು. ಚಿಪ್ಪಿನ ರೇಡಿಯೋ ಕಡೆಯ ಕಾಲುಗಳನ್ನು ಯಾವುದಕ್ಕೂ ಬೆಸೆದಿರಲಿಲ್ಲ. ಆ ತೂತು ಅಚ್ಚಿನಲ್ಲಿ ಉಳಿದುಹೋದ ತೂತು, ಅದರ ಹಿಂದೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಕೂಡಲೇ ಫೋನ್ ಮಾಡಿದರು.

“ಇಲ್ಲ ಕಣೋ. ನೋಡಿದೆ. ಇಲ್ಲ.”

“ಆಯ್ತು ಭಾವ, ಆಯ್ತು ಬಿಡಿ” ಎಂದ ಆತ. ಪಕ್ಕದಲ್ಲಿ ಗಿರಾಕಿಗಳ ಗಲಾಟೆ ಕೇಳುತ್ತಿತ್ತು. ಮೇಷ್ಟ್ರು ನಿರಾಳವಾಗಿ ಒಂದು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು.

ಗುರುವಾರ ಹೊತ್ತಿಗೆ ಅಂಗಡಿಯ ಮುಂದಿನ ಬೆಂಚು ಪ್ರಯೋಗಶಾಲೆಯಾಗಿತ್ತು. ಪಕ್ಕದಂಗಡಿಯ ದರ್ಜಿಯ ಕೈಯಲ್ಲೊಂದು ನೀಲಿ ಪ್ಲೇಯರ್, ಬಸ್ಸಿನ ಡ್ರೈವರ್ ಕೈಯಲ್ಲೊಂದು.

“ಮೂರೂ ಗುಂಡಿ ಒಟ್ಟಿಗೆ ಒತ್ತಿ ಹನ್ನೊಂದು ಎಣಿಸಬೇಕಂತೆ” ಎಂದ ದರ್ಜಿ.

“ಎಣಿಸಿದೆ. ಹನ್ನೊಂದಕ್ಕೆ ಹೆಂಗಸಿನ ದನಿ ಕೇಳ್ತು.”

“ಯಾವ ಸ್ಟೇಷನ್ನು?”

“ನಮ್ಮನೆಯವಳು. ಹಿಂದೆ ನಿಂತು ಬೈತಾ ಇದ್ಲು.”

“ನೀರಿನ ಟ್ಯಾಂಕ್ ಹತ್ರ ಹೋದ್ರೆ ಹಿಡಿಯುತ್ತೆ ಅಂತಾರಪ್ಪ.”

ಒಳಗಿನಿಂದ ಮೇಷ್ಟ್ರು ತಲೆ ಎತ್ತದೆ, “ಅದರಲ್ಲಿ ರೇಡಿಯೋ ಇಲ್ಲ” ಎಂದರು.

ದರ್ಜಿ ಎದ್ದು ಬಂದು ಕಿಟಕಿಗೆ ಮೊಣಕೈ ಊರಿದ. “ಹಾಗಂದ್ರೆ ಹೇಗೆ ಮೇಷ್ಟ್ರೇ? ನೀವೇ ಬಿಚ್ಚಿ ನೋಡಿದ್ದೀರ ಅಂತ ಪೇಟೆ ಅಂಗಡೀಲಿ ಬೋರ್ಡ್ ಹಾಕಿದ್ದಾರಲ್ಲ. ಅದನ್ನ ನೋಡಿ ತಾನೇ ನಾನು ಕೊಂಡಿದ್ದು.”

ಮೇಷ್ಟ್ರು ಕಾದ ಸಾಲ್ಡರಿಂಗ್ ಕಡ್ಡಿಯನ್ನು ಆರಿಸುವುದನ್ನೂ ಮರೆತು ಪೇಟೆಗೆ ನಡೆದರು. ಭಾವಮೈದುನನ ಅಂಗಡಿಯ ಮುಂದೆ ಜನ ನೊಣದಂತೆ ಮುತ್ತಿದ್ದರು. ಬಾಗಿಲ ಮೇಲೆ ಬಿಳಿ ರಟ್ಟು, ಅದರ ಮೇಲೆ ಎರಡು ಸಾಲು: ‘ಒಳಗೆ ರೇಡಿಯೋ ಅಡಗಿದೆ. ಮೀಟರ್ ಮೇಷ್ಟ್ರು ಬಿಚ್ಚಿ ನೋಡಿದ್ದಾರೆ.’

ಎರಡನೆಯ ಸಾಲು ನಿಜವೇ. ಅದು ನಿಜವಾಗಿದ್ದರಿಂದಲೇ ಮೊದಲನೆಯದಕ್ಕೆ ಕಾಲು ಬಂದಿತ್ತು. ಆದರೆ ಮೇಷ್ಟ್ರನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಸಾಲುಗಳಲ್ಲ, ಅಕ್ಷರ. ಮುತ್ತು ಪೋಣಿಸಿದಂಥ ಅಕ್ಷರ. ಒತ್ತುಗಳ ಕೊನೆಯಲ್ಲಿ ಹೀಗೆ ಒಂದು ಕೊಂಕು ಎಳೆಯುವವರು ಊರಿನಲ್ಲಿ ಇನ್ನೊಬ್ಬರಿಲ್ಲ.

“ಸೋಮವಾರ ಫೋನ್ ಮಾಡಿ ಏನಂದೆ ನಿಂಗೆ?”

“ಭಾವ, ಬನ್ನಿ ಬನ್ನಿ, ಒಳಗೆ ಕೂತು ಮಾತಾಡೋಣ” ಎಂದು ಆತ ಅವರ ರಟ್ಟೆ ಹಿಡಿದ. “ಭಾನುವಾರ ಹೇಳಿದ್ದೂ ನೀವೇ, ಸೋಮವಾರ ಹೇಳಿದ್ದೂ ನೀವೇ. ನಾನು ಭಾನುವಾರದ್ದನ್ನ ಇಟ್ಕೊಂಡೆ. ಅದರಲ್ಲಿ ಮೋಸ ಎಲ್ಲಿ ಬಂತು?”

“ಬಹುದು ಅಂದಿದ್ದೆ.”

“ಬೋರ್ಡಲ್ಲಿ ಜಾಗ ಸಾಲಲಿಲ್ಲ.” ಆತ ನಕ್ಕ. ಮೇಷ್ಟ್ರು ನಗದಿದ್ದುದನ್ನು ನೋಡಿ ದನಿ ತಗ್ಗಿಸಿದ. “ಒಂದು ಡಬ್ಬ ಖಾಲಿಯಾಯ್ತು ಭಾವ, ನಿಮ್ಮ ಹೆಸರಲ್ಲಿ. ಹೆಸರು ಇರೋದು ಯಾಕೆ, ಮನೆಯವರಿಗೆ ಆಗಲಿ ಅಂತಲ್ವಾ?”

ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲ ಏನು ಹೇಳೀತು? ಮೇಷ್ಟ್ರು ರಟ್ಟನ್ನು ತಾವೇ ಕಿತ್ತರು. ಹರಿಯಲು ನೋಡಿದರು, ದಪ್ಪ ರಟ್ಟು, ಹರಿಯಲಿಲ್ಲ. ಕೊನೆಗೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಮ್ಮ ಹೆಸರನ್ನು ತಾವೇ ಹೊತ್ತ ಜಾಹೀರಾತಿನಂತೆ ಪೇಟೆಯುದ್ದಕ್ಕೂ ನಡೆದು ಮನೆಗೆ ಬಂದರು.

ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ರಟ್ಟು ಕಂಡು ಅವಳ ಕೈ ನಿಧಾನವಾಯಿತು, ನಿಲ್ಲಲಿಲ್ಲ.

“ನಾನು ಇಲ್ಲ ಅಂದಿದ್ದು ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣ್ರೀ. ಅವನೇ ಹೇಳಿದ.”

“ಗೊತ್ತಿದ್ದೂ ಬರೆದೆ.”

“ಬಂದು ಇಲ್ಲೇ ಕೂತ. ಅಕ್ಕ, ಡಬ್ಬ ಹಾಗೇ ಕೂತಿದೆ ಅಂದ. ಇಷ್ಟು ಚಿಕ್ಕವನಿದ್ದಾಗಿಂದ ಎತ್ತಿ ಆಡಿಸಿದವಳು ನಾನು.” ಒಂದು ಅಂಗಿಯ ತೋಳನ್ನು ಎರಡು ಸಲ ಮಡಿಸಿ ಬಿಚ್ಚಿದಳು. “ನೀವು ಒಂದು ಮಾತಿಗೆ ಇಷ್ಟು ಹಟ ಹಿಡೀತೀರಿ ಅಂತ ಅಂದುಕೊಳ್ಳಲಿಲ್ಲ. ಒಂದೇ ಒಂದು ಮಾತು ತಾನೇ.”

ಒಂದೇ ಒಂದು. ತಮ್ಮ ಬಳಿ ಇದ್ದದ್ದೂ ಅಷ್ಟೇ ಎಂದು ಮೇಷ್ಟ್ರು ಹೇಳಲಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿ ಬಂದರೆ, ಹೇಳಿ ಆಗುವುದಾದರೂ ಏನು?

ಮರುದಿನದಿಂದ ಅವರು ಬಂದವರಿಗೆಲ್ಲ ‘ಇಲ್ಲ’ ಎಂದು ಹೇಳುವ ಕೆಲಸಕ್ಕೆ ಕೂತರು. ದರ್ಜಿಯ ಪ್ಲೇಯರನ್ನು ಅವನ ಕಣ್ಣೆದುರೇ ಬಿಚ್ಚಿ, ಮೀಟರ್ ಮುಟ್ಟಿಸಿ, ಅದರ ಮೌನವನ್ನು ಕೇಳಿಸಿದರು. ದರ್ಜಿ ತುಂಬ ಹೊತ್ತು ತಲೆಯಾಡಿಸಿದ. ಆಮೇಲೆ ಹತ್ತಿರ ಬಾಗಿ ಪಿಸುಗುಟ್ಟಿದ.

“ಅರ್ಥ ಆಯ್ತು ಮೇಷ್ಟ್ರೇ. ಹೇಳಬಾರದು ಅಂತ ಮೇಲಿನವರಿಂದ ಆರ್ಡರ್ ಬಂದಿದೆ. ಬೋರ್ಡೂ ತೆಗೆಸಿಬಿಟ್ರಲ್ಲ.”

“ಯಾವ ಮೇಲಿನವರು? ಇಲ್ಲ ಕಣಯ್ಯ, ಒಳಗೆ ಇಲ್ಲ.”

“ಹೌದೌದು, ಇಲ್ಲ” ಎಂದು ದರ್ಜಿ ಕಣ್ಣು ಮಿಟುಕಿಸಿದ. ಬೆಂಚಿಗೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಉಸುರಿದ. ಇಬ್ಬರೂ ಹೊಸ ಹುರುಪಿನಿಂದ ಗುಂಡಿ ಒತ್ತತೊಡಗಿದರು. ಮೇಷ್ಟ್ರು ಎಷ್ಟು ಗಟ್ಟಿಯಾಗಿ ಇಲ್ಲವೆಂದರೋ ಅಷ್ಟು ಬೇಗ ಭಾವಮೈದುನನ ಎರಡನೆಯ ಡಬ್ಬವೂ ಖಾಲಿಯಾಯಿತು. ಶನಿವಾರ ಒಬ್ಬಾಕೆ ಹಳೆಯ ಮಿಕ್ಸಿ ತಂದಿಟ್ಟಳು. ಮೀಟರು ಸುಮ್ಮನಿತ್ತು. “ಜೀವ ಇಲ್ಲಮ್ಮ” ಎಂದರು. ಆಕೆ ಮಿಕ್ಸಿಯನ್ನು ಎತ್ತಿಕೊಂಡು, “ಇರಲಿ, ಇನ್ನೊಂದು ಕಡೆ ತೋರಿಸ್ತೀನಿ” ಎಂದು ಹೊರಟುಹೋದಳು.

ಭಾನುವಾರ ಊಟಕ್ಕೆ ಗಂಡ ಹೆಂಡತಿ ಇಬ್ಬರೇ. ಗುರುವಾರದಿಂದ ಅವರ ನಡುವೆ ಉಪ್ಪಿನ ವಿಚಾರವೂ ಬಂದಿರಲಿಲ್ಲ. ಹೆಂಡತಿ ಬಡಿಸಿದಳು, ಕೂತಳು, ತುತ್ತು ಕಲಸಿದಳು, ಬಾಯಿಗಿಡಲಿಲ್ಲ. ಮೇಷ್ಟ್ರು ಗುಟ್ಟು ಮುಚ್ಚಿಡುತ್ತಿದ್ದಾರೆ ಎಂದು ಬೀದಿಯೆಲ್ಲ ಆಡಿದ್ದು ಗ್ರಂಥಾಲಯಕ್ಕೂ ಹೋಗಿರಬೇಕು.

“ರೀ, ಬೇಜಾರು ಮಾಡ್ಕೋಬೇಡಿ” ಎಂದಳು. “ಯಾರಿಗೂ ಹೇಳಲ್ಲ. ನನಗೆ ಮಾತ್ರ ಹೇಳಿ. ನಿಜವಾಗ್ಲೂ ಅದರಲ್ಲಿ ಇಲ್ವಾ?”

ಮೇಷ್ಟ್ರು ತಟ್ಟೆಯಿಂದ ಕೈ ತೆಗೆದರು. ಬಾಯಿ ತೆರೆದರು. ಆ ಎರಡಕ್ಷರ ನಾಲಿಗೆಯ ತುದಿಯವರೆಗೆ ಬಂದು, ಹೊರಗೆ ಹೋಗಿ ಪ್ರಯೋಜನವಿಲ್ಲವೆಂದು ವಾಪಸಾಯಿತು.

“ನಿನ್ನ ತಮ್ಮನ್ನ ಕೇಳು” ಎಂದು ಎದ್ದು ಕೈ ತೊಳೆಯಲು ಹೋದರು.