ಶಂಕ್ರೆವ್ವ ಮುಚ್ಚಿದ ಗೋಡೆಯ ತೂತುಗಳು

ತಿಕೋಟಾದ ನಮ್ಮ ಓಣಿಯ ಶಂಕ್ರೆವ್ವ ಯಾವುದನ್ನೂ ಕೇಳಿದಷ್ಟಕ್ಕೇ ನಂಬಿದವಳಲ್ಲ. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತಾಳೆ. ಬಸ್ಸಿಗೆ ವಿಜಯಪುರದ ಫಲಕ ಇದ್ದರೂ ಕಂಡಕ್ಟರನನ್ನು ಕೇಳುತ್ತಾಳೆ, ಆಮೇಲೆ ಒಳಗೆ ಕೂತವರನ್ನೂ ಕೇಳಿ ಹತ್ತುತ್ತಾಳೆ. ಗಂಡ ತೀರಿದ ಮೇಲೆ ಖಡಕ್ ರೊಟ್ಟಿ ಬಡಿದೇ ಮನೆ ನಡೆಸಿದವಳು. ಅವಳ ರೊಟ್ಟಿಗಳು ವಿಜಯಪುರದ ಗಾಂಧಿ ಚೌಕದ ಖಾನಾವಳಿಗೆ ಹೋಗುತ್ತವೆ. ವರ್ಷಕ್ಕಾಗುವಷ್ಟು ಜೋಳ ಚೀಲ ತುಂಬಿ ಮನೆಯಲ್ಲೇ ಇಟ್ಟುಕೊಳ್ಳುತ್ತಾಳೆ.

ಹೋದ ವರ್ಷ ಓಣಿಯ ಹಿಂದಿನ ಹಳ್ಳ ಉಕ್ಕಿ ಆ ಚೀಲಗಳೆಲ್ಲ ತೊಯ್ದವು. ಜೋಳ ಮೊಳಕೆಯೊಡೆದು ಓಣಿಯೆಲ್ಲ ಹುಳಿ ನಾತ. ಅಷ್ಟನ್ನೂ ತಿಪ್ಪೆಗೆ ಹಾಕಿದಳು. ಇನ್ನೊಮ್ಮೆ ಹಾಗಾದರೆ ಅವಳ ಒಲೆ ಹತ್ತುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಈ ವರ್ಷ ಹಳ್ಳದ ಗುಂಟ ತಡೆಗೋಡೆ ಕಟ್ಟುವ ಕೆಲಸ ಬಂತು. ಗೋಡೆ ಎದ್ದಂತೆ ಓಣಿಯವರು ಹಿಗ್ಗಿದರು. ಶಂಕ್ರೆವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡುತ್ತಿದ್ದಳು. ನೆಲದ ಹತ್ತಿರ ಗೋಡೆಯಲ್ಲಿ ಸಾಲಾಗಿ ಪೈಪು ಕೂಡಿಸಿದ್ದನ್ನು ಮೊದಲು ಕಂಡವಳು ಅವಳೇ.

"ಮೇಸ್ತ್ರಿ, ಗ್ವಾಡಿ ಕಟ್ಟಾಕತ್ತೀಯೋ, ಹಿಟ್ಟಿನ ಸಾಣಿಗಿ ಮಾಡಾಕತ್ತೀಯೋ?"

ಮೇಸ್ತ್ರಿ ರಾಜಾರಾಮ ನಕ್ಕ. "ಓಣ್ಯಾಗ ಬಿದ್ದ ಮಳಿ ನೀರು ಹಳ್ಳಕ್ಕ ಹೋಗಬೇಕಲ್ಲ ಯವ್ವಾ, ಅದಕ್ಕ ತೂತು."

"ಹೋಗೂ ದಾರ್ಯಾಗ ಬರಾಕ ಬರೂದಿಲ್ಲೇನು?"

"ಹಳ್ಳ ಅಲ್ಲೀತನಕ ಏರೂದಿಲ್ಲ."

"ಹಂಗಂತ ಹಳ್ಳ ನಿನ್ನ ಕಿವ್ಯಾಗ ಹೇಳೇತೇನು?"

ಅವನು ಮತ್ತೆ ನಕ್ಕ. ಆ ನಗುವೇ ಅವಳಿಗೆ ಸಾಕಾಯಿತು. ಮೇಲಿನ ಓಣಿ ಉಳಿಸಲು ನೀರನ್ನು ನಮ್ಮ ಮೇಲೆ ಬಿಡುತ್ತಾರೆ ಎಂದು ಮನೆಮನೆಗೆ ಹೇಳಿ ಬಂದಳು. ಅನುಮಾನ ನಮಗೂ ಅಂಟಿತು. ಕೆಲಸದವರು ಹೋದ ಮೇಲೆ ಹೆಂಗಸರೆಲ್ಲ ಕೂಡಿ, ಹಳೆ ಸೀರೆಯ ಚಿಂದಿಗೆ ಎರೆಮಣ್ಣು ಮೆತ್ತಿ ತೂತುಗಳಿಗೆ ತುರುಕಿದೆವು. ಎರೆಮಣ್ಣು ತೊಯ್ದರೆ ಉಬ್ಬಿ ಇನ್ನಷ್ಟು ಬಿಗಿಯುತ್ತದೆ ಎಂದು ಅವಳ ಎಣಿಕೆ. ಅದೇನೋ ನಿಜವೇ ಆಯಿತು.

ಮಳೆ ಬಂತು. ಹಳ್ಳ ತೂತಿನ ಮಟ್ಟಕ್ಕೆ ಏರದೆ ಗೋಡೆಯ ಬುಡದಲ್ಲೇ ಹರಿಯಿತು. ಓಣಿಯ ನೀರು ಮಾತ್ರ ಹೊರಗೆ ಹೋಗಲು ದಾರಿಯಿಲ್ಲದೆ ನಿಂತು, ಶಂಕ್ರೆವ್ವನ ಹೊಸ್ತಿಲು ದಾಟತೊಡಗಿತು.

ಎದುರು ಮನೆಯ ಮುಮತಾಜ ಕೂಗಿದಳು, "ಅಕ್ಕಾ, ಹಳ್ಳ ಬಂದಿಲ್ಲ, ನಮ್ಮ ಓಣಿನಽ ಹಳ್ಳ ಆಗೇತಿ! ಮೊದಲ ಆ ಚಿಂದಿ ತಗಿ!"

ಶಂಕ್ರೆವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕಿತ್ತ ಕಡೆಯೆಲ್ಲ ನೀರು ಸುಳಿ ಸುತ್ತಿ ಹೊರಬಿತ್ತು. ಆದರೆ ಅವಳ ಮನೆಯ ನೇರಕ್ಕಿದ್ದ ಪೈಪುಗಳಲ್ಲಿ ಚಿಂದಿ ಕಿತ್ತರೂ ನೀರು ಕದಲಲಿಲ್ಲ. ನನ್ನಿಂದ ಕೋಲು ಇಸಿದುಕೊಂಡು ಚುಚ್ಚಿದಳು. ಗೇಣುದ್ದ ಹೋದ ಕೋಲು ಗಟ್ಟಿಗೆ ತಾಗಿ ನಿಂತಿತು. ಪೈಪು ಗೋಡೆಯ ಆಚೆಗೆ ಹೋಗಿಯೇ ಇರಲಿಲ್ಲ. ಕಾಣಲಿಕ್ಕೆಂದು ತುಂಡು ಸಿಕ್ಕಿಸಿದ್ದರು.

ಉಳಿದ ತೂತುಗಳಿಂದ ನೀರು ಇಳಿಯುವಷ್ಟರಲ್ಲಿ ಕೆಳಗಿನ ಚೀಲಗಳ ತಳ ತೊಯ್ದಿತ್ತು. ಮೇಲಿನ ಜೋಳ ಉಳಿಯಿತು.

ಮರುದಿನ ರಾಜಾರಾಮ ಬಂದವನೇ ಶುರುಮಾಡಿದ, "ನೋಡಿದ್ಯೇನವ್ವಾ, ತೂತು ಮುಚ್ಚಿದ್ದಕ್ಕ ಏನಾತು?"

"ನಾ ಮುಚ್ಚಿದ್ದು ನಾನಽ ಕಿತ್ತೇನಿ. ನೀ ಮುಚ್ಚಿದ್ದು ಯಾರು ಕೀಳಬೇಕು?" ಎಂದು ಕೋಲು ಅವನ ಕೈಗಿಟ್ಟಳು.

ಅವನು ಚುಚ್ಚಿ ನೋಡಿದ. ಮುಖ ಸಣ್ಣದಾಯಿತು. "ಗುತ್ತಿಗೆದಾರರು ಪೈಪ್ ಇಷ್ಟಽ ಕೊಟ್ಟಿದ್ರು..."

"ಹಂಗಾರ ಅವನ್ನೂ ಕರಕೊಂಬಾ. ಮುಂದಿನ ಮಳಿ ನಿಮ್ಮ ದಾರಿ ಕಾಯೂದಿಲ್ಲ."

ಓಣಿಯೆಲ್ಲ ಬಂದು ಅವಳ ಬೆನ್ನಿಗೆ ನಿಂತಿತು. ಕೊನೆಗೆ ಕೊರೆಯುವ ಮಷಿನ್ನು ಬಂತು. ಕೊರೆದಾದ ಮೇಲೆ ಶಂಕ್ರೆವ್ವ ನನ್ನನ್ನು ಹಳ್ಳದ ಕಡೆ ನಿಲ್ಲಿಸಿ, ಈಚೆಯಿಂದ ಪೈಪಿಗೆ ಒಂದು ಕೊಡ ನೀರು ಹೊಯ್ದಳು.

"ಬಂತೇನ ತಂಗಿ?"

ನೀರು ನನ್ನ ಕಾಲ ಮೇಲೇ ಬಿತ್ತು. "ಬಂತವ್ವಾ" ಎಂದೆ.

ಆಚೆ ಕೊಡ ಕೆಳಗಿಟ್ಟ ಸಪ್ಪಳ ಕೇಳಿತು. ಗೋಡೆಯ ತುದಿ ಬಳಸಿ, ಕಲ್ಲು ಮುಳ್ಳು ತುಳಿದು ನನ್ನ ಪಕ್ಕಕ್ಕೇ ಇಳಿದು ಬಂದಳು.

"ಎಲ್ಲಿ, ತೋರ್ಸು."